ಆರ್ಟ್ಸ್ ಓದಿದವರು ನರ್ಸ್ ಆಗಬಹುದಾ?

ಪ್ರಶ್ನೆ: ಅಕ್ಕಾ, ನಾನು ಪಿಯುಸಿ ಆರ್ಟ್ಸ್ ಪಾಸಾಗಿದ್ದೇನೆ. ನಮ್ಮ ಕಡೆಯ ಹಳ್ಳಿಯಲ್ಲೇ ನರ್ಸ್ ಆಗುವ ಆಸೆ. ಸೈನ್ಸ್ ಓದಿದವರಿಗೆ ಮಾತ್ರ ಅಂತ ಎಲ್ಲರೂ ಹೇಳುತ್ತಾರೆ. ಒಬ್ಬ ಏಜೆಂಟ್ ಮಾತ್ರ, ‘ಸೀಟು ಕೊಡಿಸ್ತೀನಿ, ಕ್ಲಾಸಿಗೆ ಬರೋದೂ ಬೇಡ’ ಅಂತಿದ್ದಾನೆ. ಏನು ಮಾಡಲಿ?
– ಹೆಸರು ಬೇಡ, ಶಹಾಪುರ ತಾಲ್ಲೂಕು

ಉತ್ತರ: ತಂಗಿ, ಮೊದಲು ಆ ಏಜೆಂಟ್‌ಗೆ ಬೇಡ ಅಂದುಬಿಡು. ನಾನು ಯಾದಗಿರಿ ಜಿಲ್ಲೆಯ ಹಳ್ಳಿಗಳ ಸರ್ಕಾರಿ ಆರೋಗ್ಯ ಉಪಕೇಂದ್ರಗಳಲ್ಲೇ ದುಡಿದು ನಿವೃತ್ತಳಾದವಳು. ನಡುರಾತ್ರಿ ಹೆರಿಗೆ ನೋವು ಅಂತ ಬಂದವಳ ಮುಂದೆ ಸರ್ಟಿಫಿಕೇಟ್ ಕೆಲಸಕ್ಕೆ ಬರುವುದಿಲ್ಲ. ರಕ್ತ ಎಷ್ಟು ಹೋದರೆ ಅಪಾಯ, 108ಕ್ಕೆ ಯಾವಾಗ ಫೋನ್ ಮಾಡಬೇಕು ಅನ್ನೋದು ವಾರ್ಡಿನಲ್ಲಿ ನಿಂತು ಕಲಿತವರಿಗೇ ಗೊತ್ತು.

ಆರ್ಟ್ಸ್ ಅಂತ ಕೊರಗಬೇಡ. 4 ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ಸೈನ್ಸ್ ಬೇಕು. 2 ವರ್ಷದ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಹೆರಿಗೆ ಆರೈಕೆಯ ಕೋರ್ಸ್), 3 ವರ್ಷದ ಜಿಎನ್‌ಎಂ (ಸಾಮಾನ್ಯ ನರ್ಸಿಂಗ್ ಮತ್ತು ಹೆರಿಗೆ ಆರೈಕೆಯ ಡಿಪ್ಲೊಮಾ) ಎರಡಕ್ಕೂ ಆರ್ಟ್ಸ್ ನಡೆಯುತ್ತದೆ. ಮನೆಯವರಿಗೆ ಇನ್ನೊಂದು ವರ್ಷದ ಖರ್ಚು ಭರಿಸಲು ಆಗುವುದಾದರೆ ಜಿಎನ್‌ಎಂ ಮಾಡು. ಆಮೇಲೆ ಸಮುದಾಯ ಆರೋಗ್ಯದ 6 ತಿಂಗಳ ತರಬೇತಿ ಮುಗಿಸಿದರೆ ಸಿಎಚ್‌ಒ, ಅಂದರೆ ಸಮುದಾಯ ಆರೋಗ್ಯ ಅಧಿಕಾರಿ, ಆಗುವ ದಾರಿಯೂ ಇದೆ. ಉಪಕೇಂದ್ರದಲ್ಲೇ ಕೂತು 30 ದಾಟಿದವರ ಬಿಪಿ, ಶುಗರ್ ನೋಡುವ ಕೆಲಸ ಅದು.

ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ, ವಿದ್ಯಾರ್ಥಿಗಳನ್ನು ತರಬೇತಿಗೆ ಯಾವ ಆಸ್ಪತ್ರೆಗೆ, ಯಾವ ಹಳ್ಳಿಗೆ ಕಳಿಸುತ್ತಾರೆ ಅಂತ ವಿಚಾರಿಸು. ಹಳೆಯ ವಿದ್ಯಾರ್ಥಿನಿಯರನ್ನು ಕೇಳಿದರೆ ನಿಜ ಗೊತ್ತಾಗುತ್ತದೆ. ಕಲ್ಯಾಣ ಕರ್ನಾಟಕದ ಸ್ಥಳೀಯರು ಅನ್ನೋದಕ್ಕೆ ಸಂವಿಧಾನದ 371ಜೆ ವಿಧಿಯಡಿ ಕೊಡುವ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಈಗಲೇ ಮಾಡಿಸಿಡು. ನಮ್ಮ ಭಾಗದಲ್ಲಿ ಗ್ರೂಪ್ ಸಿ ಸರ್ಕಾರಿ ಹುದ್ದೆಗಳಲ್ಲಿ 100ಕ್ಕೆ 80 ಸ್ಥಳೀಯರಿಗೇ ಮೀಸಲು.

ಪುಸ್ತಕದಲ್ಲಿ ಸಿಗದ ಒಂದು ಮಾತು ಹೇಳುತ್ತೇನೆ. ಗರ್ಭಿಣಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಇದನ್ನು ಯಾರು ಬೇಕಾದರೂ ಓದಿಕೊಳ್ಳಬಹುದು. ಆದರೆ ಅವಳು ಗುಳೆ ಹೊರಟು ನಿಂತಿದ್ದರೆ? ಕಬ್ಬಿಣದ ಗುಳಿಗೆ, ತಾಯಿ ಕಾರ್ಡ್ ಚೀಲಕ್ಕೆ ಹಾಕಿಸಿ, ಹೋದ ಊರಲ್ಲಿ ಯಾರನ್ನು ಕಾಣಬೇಕು ಅಂತ ಹೇಳಿ ಕಳಿಸಬೇಕು. ಅತ್ತೆ ಜೊತೆಗೂ ಮಾತಾಡಬೇಕು, ಬಹಳ ಮನೆಗಳಲ್ಲಿ ತೀರ್ಮಾನ ಅವರದೇ ಅಲ್ವಾ? ತಾಂಡಾಗಳಿಗೆ ಹೋಗುವವಳು ನಾಲ್ಕು ಲಂಬಾಣಿ ಮಾತು ಕಲಿತಿರಬೇಕು. ಸೂಜಿ ಅಂದರೆ ಹೆದರಿ ಓಡುವ ಮಕ್ಕಳೂ ಆಗ ಹತ್ತಿರ ಬರುತ್ತವೆ.

ಅಡ್ಮಿಷನ್‌ಗೆ ಮುಂಚೆ ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ, ಲಸಿಕೆ ದಿನ ಅವರ ಜೊತೆ ಹೋಗಿ ಬಾ. ಬಿಸಿಲಲ್ಲಿ ಮನೆಮನೆ ಸುತ್ತಿದ ಮೇಲೂ ಇದೇ ಬೇಕು ಅನಿಸಿದರೆ ಅರ್ಜಿ ಹಾಕು.