ಇಂಗ್ಲೆಂಡ್‌ನ ಫುಟ್‌ಬಾಲ್‌ನಲ್ಲಿ ಸ್ಟಾರ್ ಆಗದ ಆಶ್ಲೆ ವೆಸ್ಟ್‌ವುಡ್, ಬೆಂಗಳೂರು ಎಫ್‌ಸಿ ಕೋಚ್ ಆಗಿ ಮೊದಲ ವರ್ಷವೇ ದೇಶದ ಲೀಗ್ ಗೆದ್ದದ್ದು ಹೇಗೆ?

ಮುಖ್ಯವಾಗಿ ಫಿಟ್‌ನೆಸ್ ಮತ್ತು ತಯಾರಿಯಿಂದ. ಒಳ್ಳೆ ಕೋಚ್ ಆಗಲು ದೊಡ್ಡ ಆಟಗಾರನೇ ಆಗಿರಬೇಕು ಅಂತೇನಿಲ್ಲ.

ವೆಸ್ಟ್‌ವುಡ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದವರು. ಆದರೆ ಅಲ್ಲಿನ ಮುಖ್ಯ ತಂಡದಲ್ಲಿ ಆಡಲಿಲ್ಲ. ಕ್ರೂ, ಬ್ರಾಡ್‌ಫರ್ಡ್, ಶೆಫೀಲ್ಡ್ ವೆನ್ಸ್‌ಡೇ ಹೀಗೆ ಕ್ಲಬ್ಬಿನಿಂದ ಕ್ಲಬ್ಬಿಗೆ ಹೋಗುತ್ತಾ ಡಿಫೆಂಡರ್ ಆಗಿ ಆಡಿದರು. ಆಮೇಲೆ ಪೋರ್ಟ್ಸ್‌ಮತ್, ಬ್ಲ್ಯಾಕ್‌ಬರ್ನ್‌ಗಳ ಕೋಚಿಂಗ್ ಬಳಗ ಸೇರಿದರು.

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಅದರ ಮೊದಲ ಕೋಚ್ ಅವರೇ. ಹೊಸ ಕ್ಲಬ್ ಆಗಿದ್ದೇ ದೊಡ್ಡ ಅನುಕೂಲ ಅಂತ ನನಗನ್ನಿಸುತ್ತದೆ. ಬಿಡಿಸಬೇಕಾದ ಹಳೆ ಅಭ್ಯಾಸಗಳು ಇರಲಿಲ್ಲ. ಆಟಗಾರರ ಊಟದ ತಟ್ಟೆಯಿಂದ ಹಿಡಿದು ಎದುರಾಳಿಗಳ ಆಟವನ್ನು ವಿಡಿಯೊದಲ್ಲಿ ಬಿಡಿಸಿ ನೋಡುವವರೆಗೆ, ಇಂಗ್ಲೆಂಡ್‌ನ ವೃತ್ತಿಪರ ಪದ್ಧತಿಯನ್ನು ಮೊದಲ ದಿನದಿಂದಲೇ ತರಬಹುದಿತ್ತು. ಇದರ ಲಾಭ ಕಾಣೋದು ಪಂದ್ಯದ ಕೊನೆಯ 20 ನಿಮಿಷದಲ್ಲಿ. ಕಾಲು ಸೋತವನು ಜಾಗ ಬಿಟ್ಟುಕೊಡುತ್ತಾನೆ, ಗೋಲು ಬರೋದೇ ಆ ಜಾಗದಿಂದ ಅಲ್ವಾ? ಜೊತೆಗೆ ಗೋಲು ಹೊಡೆಯಲು ಸುನಿಲ್ ಚೆಟ್ರಿ, ರಕ್ಷಣೆಗೆ ಜಾನ್ ಜಾನ್ಸನ್ ಇದ್ದರು. ಕೋಚ್ ಒಬ್ಬರಿಂದಲೇ ಏನೂ ಆಗಲ್ಲ.

2014ರ ಏಪ್ರಿಲ್‌ನಲ್ಲಿ ಗೋವಾದ ಫತೋರ್ಡಾದಲ್ಲಿ ಬಲಿಷ್ಠ ಡೆಂಪೊ ಕ್ಲಬ್ಬನ್ನು 4-2ರಿಂದ ಸೋಲಿಸಿ, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದರು. ಮುಂದೆ ಫೆಡರೇಷನ್ ಕಪ್, 2016ರಲ್ಲಿ ಮತ್ತೆ ಐ-ಲೀಗ್.

ಇಲ್ಲಿನ ಆಟಗಾರರನ್ನು ಹತ್ತಿರದಿಂದ ಬಲ್ಲ ಅವರು ಮುಂದೆ ನಮಗೇ ಎದುರಾದರು. 2024ರಲ್ಲಿ ಅವರು ಕೋಚ್ ಆಗಿದ್ದ ಅಫ್ಘಾನಿಸ್ತಾನ ಗುವಾಹಟಿಯಲ್ಲಿ ಭಾರತವನ್ನು 2-1ರಿಂದ ಸೋಲಿಸಿತು. 2025ರಲ್ಲಿ ಅವರದೇ ತರಬೇತಿಯ ಹಾಂಗ್‌ಕಾಂಗ್ 1-0ಯಿಂದ.