ಮಾತ್ರೆ ಆಗದವರಿಗೆ ಪಂಪ್ ಇದೆ

ಪ್ರಶ್ನೆ: ನನಗೆ 54 ವರ್ಷ. ಹತ್ತು ವರ್ಷದಿಂದ ಶುಗರ್. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ, ಎದೆನೋವು ಬಂದರೆ ನಾಲಿಗೆ ಕೆಳಗಿಡಲು ಮಾತ್ರೆ ಕೊಟ್ಟಿದ್ದಾರೆ. ವರ್ಷದಿಂದ ನಿಮಿರುವಿಕೆ ಇಲ್ಲ, ಬೆಳಗಿನ ಜಾವವೂ ಇಲ್ಲ. ವಯಾಗ್ರಾ ನಿಮಗೆ ಕೂಡದು ಅಂದರು ಡಾಕ್ಟರ್. ಆನ್‌ಲೈನ್‌ನಲ್ಲಿ ಪಂಪ್ ತರಿಸಿದೆ, ನೋವಾಯಿತು, ಮೂಲೆಗೆ ಹಾಕಿದೆ. ಪರಿಚಯದವರೊಬ್ಬರು ಗಿಡಮೂಲಿಕೆ ಪುಡಿ ಕೊಡಿಸುತ್ತೇನೆ ಅನ್ನುತ್ತಿದ್ದಾರೆ. ಹೆಂಡತಿ ಏನೂ ಕೇಳುವುದಿಲ್ಲ, ಅದೇ ನನಗೆ ಹೆಚ್ಚು ಕಷ್ಟ. ಬೇರೆ ದಾರಿ ಇದೆಯೇ?

ಉತ್ತರ: ಮೊದಲು ಆ ಪುಡಿಯ ವಿಷಯ. ಬೇಡವೇ ಬೇಡ. ‘ಗಿಡಮೂಲಿಕೆ’ ಎಂದು ಮಾರುವ ಇಂಥ ಡಬ್ಬಿಗಳಲ್ಲಿ ವಯಾಗ್ರಾದಲ್ಲಿರುವ ಸಿಲ್ಡೆನಾಫಿಲ್ಲನ್ನೇ ಗುಟ್ಟಾಗಿ ಬೆರೆಸಿರುವುದು ಪರೀಕ್ಷೆಗಳಲ್ಲಿ ಎಷ್ಟೋ ಸಲ ಬಯಲಾಗಿದೆ. ನಿಮ್ಮ ನಾಲಿಗೆ ಕೆಳಗಿನ ಮಾತ್ರೆ ನೈಟ್ರೇಟ್ ಗುಂಪಿನದಾಗಿರಬೇಕು. ಎರಡೂ ಸೇರಿದರೆ ಬಿಪಿ ಒಮ್ಮೆಲೇ ಕುಸಿದು ಜೀವಕ್ಕೇ ಕುತ್ತು.

ಬೆಳಗಿನ ಜಾವವೂ ಇಲ್ಲ ಅಂದಿದ್ದೀರಿ. ಹಾಗಾಗಿ ಇದು ಬರೀ ಮನಸ್ಸಿನ ಅಳುಕಲ್ಲ. ಶುಗರ್‌ನಿಂದ ರಕ್ತನಾಳ, ನರ ಎರಡೂ ಸೊರಗಿರುವ ಸಾಧ್ಯತೆಯೇ ಹೆಚ್ಚು. ಪಂಪ್ ಇಂಥವರಿಗೂ ಕೆಲಸ ಮಾಡುತ್ತದೆ. ಅದು ನರದ ಅಪ್ಪಣೆಗೆ ಕಾಯುವುದಿಲ್ಲ, ಶಿಶ್ನದ ಮೇಲಿಟ್ಟ ಕೊಳವೆಯಿಂದ ಗಾಳಿ ಹೊರಗೆಳೆದು ಶಿಶ್ನದೊಳಗೆ ರಕ್ತ ತುಂಬಿಸುತ್ತದೆ. ಆದರೆ ಸ್ಟೆಂಟ್ ಆದವರು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುತ್ತಾರೆ, ಅವರಿಗೆ ಚರ್ಮದಡಿ ಬೇಗ ರಕ್ತ ಒಸರಿ ಕಂದುತ್ತದೆ. ಹೃದಯದ ಡಾಕ್ಟರನ್ನು ಕೇಳಿಯೇ ಶುರುಮಾಡಿ. ಎರಡು ಮಹಡಿ ಮೆಟ್ಟಿಲನ್ನು ಎದೆನೋವು, ಏದುಸಿರು ಇಲ್ಲದೆ ಹತ್ತಬಲ್ಲಿರಾ ಎಂಬುದನ್ನೂ ಹೇಳಿ. ಸಂಭೋಗದ ಶ್ರಮ ಹೆಚ್ಚುಕಡಿಮೆ ಅಷ್ಟೇ.

ನೋವಾಗಿದ್ದು ಬಹುಶಃ ಅವಸರದಿಂದ. ಒತ್ತಡ ಮಿತಿ ಮೀರದಂತೆ ತಡೆಯುವ ವಾಲ್ವ್ ನಿಮ್ಮ ಪಂಪ್‌ನಲ್ಲಿದೆಯೇ ನೋಡಿ. ಇಲ್ಲದಿದ್ದರೆ ಎಸೆಯಿರಿ, ಆಟಿಕೆಯಂತೆ ಮಾರುವ ಅಗ್ಗದವುಗಳಲ್ಲಿ ಅದಿರುವುದಿಲ್ಲ. ಬುಡದ ಕೂದಲು ಕತ್ತರಿಸಿಕೊಳ್ಳಿ, ಇಲ್ಲದಿದ್ದರೆ ಗಾಳಿ ಸೋರುತ್ತದೆ. ಕೊಳವೆಯ ಬಾಯಿಗೂ ಶಿಶ್ನಕ್ಕೂ ನೀರಿನಂಶದ ಜೆಲ್ ಹಚ್ಚಿ, ಕೊಬ್ಬರಿ ಎಣ್ಣೆ ಬೇಡ, ರಬ್ಬರ್ ಹಾಳಾಗುತ್ತದೆ. ಕೊಳವೆಯನ್ನು ಮೈಗೆ ಗಟ್ಟಿಯಾಗಿ ಒತ್ತಿ ಎರಡು ಮೂರು ಸಲ ಪಂಪ್ ಮಾಡಿ ನಿಲ್ಲಿಸಿ, ಕೆಲವು ಸೆಕೆಂಡ್ ಬಿಟ್ಟು ಮತ್ತೆ. ವೃಷಣದ ಚರ್ಮ ಒಳಗೆ ಎಳೆದುಕೊಂಡು ಬಂದರೆ ಕೊಳವೆಯ ಅಳತೆ ದೊಡ್ಡದು ಎಂದರ್ಥ. ಬಿಗಿಯಾದ ಮೇಲೆ, ತುಂಬಿದ ರಕ್ತ ಹಿಂದೆ ಸರಿಯದಂತೆ ಹಿಡಿಯುವ ಉಂಗುರವನ್ನು ಶಿಶ್ನದ ಬುಡಕ್ಕೆ ಜಾರಿಸಿ, ಕೊಳವೆಯೊಳಗೆ ಗಾಳಿ ಬಿಡಿ. ಉಂಗುರ 30 ನಿಮಿಷಕ್ಕಿಂತ ಹೆಚ್ಚು ಇರಕೂಡದು, ಅದನ್ನು ಹಾಕಿಕೊಂಡು ನಿದ್ದೆಹೋಗಲೇಬಾರದು. ಮೊಬೈಲ್‌ನಲ್ಲಿ ಅಲಾರಂ ಇಡಿ.

ಚರ್ಮ ಸ್ವಲ್ಪ ತಣ್ಣಗೆ, ನೀಲಿಯಾಗಿ ಇರುತ್ತದೆ, ಬುಡದಲ್ಲಿ ಅಲುಗಾಡುತ್ತದೆ, ವೀರ್ಯ ಪೂರ್ತಿ ಹೊರಬರದಿರಬಹುದು. ಇವು ಪಂಪ್‌ನ ಸಹಜ ಲಕ್ಷಣಗಳೇ, ಗಾಬರಿ ಬೇಡ. ಮೊದಲ ಎರಡು ವಾರ ಒಬ್ಬರೇ, ಉಂಗುರವಿಲ್ಲದೆ, ದಿನಕ್ಕೆ ಐದು ನಿಮಿಷ ಕೈ ಪಳಗಿಸಿಕೊಳ್ಳಿ. ಹೆಂಡತಿಯ ಎದುರೇ ಮೊದಲ ಪ್ರಯೋಗ ಮಾಡಿ ಸೋತವರೇ ಹೆಚ್ಚು.

ಜೊತೆಗೆ ಒಂದು ವ್ಯಾಯಾಮ. ಹೊಟ್ಟೆಯ ಗಾಳಿ ಹೊರಹೋಗದಂತೆ ಹಿಡಿಯುವ ಸ್ನಾಯುವನ್ನು ಬಿಗಿಮಾಡಿ; ಶಿಶ್ನದ ಬುಡ ಒಳಕ್ಕೆ ಸರಿದು ವೃಷಣ ಕೊಂಚ ಮೇಲೇರಿದರೆ ಸರಿಯಾದ ಸ್ನಾಯು ಸಿಕ್ಕಿತು. ಹತ್ತು ಸೆಕೆಂಡ್ ಹಿಡಿದು ಬಿಡಿ, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಪೃಷ್ಠ ಬಿಗಿಹಿಡಿದು, ಉಸಿರು ಕಟ್ಟಿ ಮಾಡಿದರೆ ಲೆಕ್ಕಕ್ಕಿಲ್ಲ. ಫಲ ಕಾಣಲು ಮೂರು ತಿಂಗಳಾದರೂ ಬೇಕು. ಡಾಕ್ಟರ್ ಒಪ್ಪಿದರೆ ವಾರಕ್ಕೆ ನಾಲ್ಕು ದಿನ 40 ನಿಮಿಷ ಬಿರುಸು ನಡಿಗೆ. ಬೀಡಿ, ಸಿಗರೇಟು ಇದ್ದರೆ ಇವತ್ತೇ ಬಿಡಿ. ಬಿಪಿ ಮಾತ್ರೆಯೇ ಕಾರಣವಿರಬಹುದೆಂದು ಅದನ್ನು ನೀವಾಗಿ ನಿಲ್ಲಿಸಬೇಡಿ, ಬದಲಿಸಬಹುದೇ ಎಂದು ಕೇಳಿ. ಶಿಶ್ನಕ್ಕೆ ಧ್ವನಿತರಂಗದ ಹೊಡೆತ ಕೊಡುವ ‘ಶಾಕ್‌ವೇವ್’ ಚಿಕಿತ್ಸೆ ಎಂದು ಸಾವಿರಾರು ರೂಪಾಯಿ ಕೇಳಿದರೆ ಆತುರಪಡಬೇಡಿ, ಅದರ ಲಾಭ ಇನ್ನೂ ಗಟ್ಟಿಯಾಗಿ ಸಾಬೀತಾಗಿಲ್ಲ.

ಯಾವುದೂ ಆಗದಿದ್ದರೆ ಇಂಪ್ಲಾಂಟ್ ಇದೆ, ಅಂದರೆ ಆಪರೇಷನ್ ಮಾಡಿ ಶಿಶ್ನದೊಳಗೆ ಕೂರಿಸುವ ಸಾಧನ. ಒಮ್ಮೆ ಹಾಕಿದರೆ ಸಹಜ ಸ್ಥಿತಿಗೆ ಮರಳುವಂತಿಲ್ಲ, ಶುಗರ್ ಹತೋಟಿಯಲ್ಲಿಲ್ಲದವರಿಗೆ ಸೋಂಕಿನ ಭಯ ಹೆಚ್ಚು. ಅದು ಕೊನೆಯ ಮಾತು.

ಹೆಂಡತಿ ಕೇಳದೆ ಇರುವುದಕ್ಕೆ ಅವರಿಗೆ ಬೇಡವಾಗಿದೆ ಎಂದೇ ಅರ್ಥವಲ್ಲ. ಕೇಳಿದರೆ ನಿಮಗೆ ನೋವಾದೀತೆಂದೂ ಇರಬಹುದು. ಯೂರಾಲಜಿಸ್ಟ್ (ಮೂತ್ರಾಂಗ, ಪುರುಷ ಜನನಾಂಗದ ತಜ್ಞರು) ಬಳಿ ಹೋಗುವಾಗ ಅವರನ್ನೂ ಕರೆದೊಯ್ಯಿರಿ. ಪಂಪ್ ಹೇಗೆಂದು ಅಲ್ಲಿಯೇ ಇಬ್ಬರಿಗೂ ತೋರಿಸಿಕೊಡುವಂತೆ ಕೇಳಿ.