ರಜೆ ಬಂದರೆ ಹೊಟ್ಟೆನೋವು: ಒಂದು ಆಪ್ತಸಲಹೆ ಪ್ರಕರಣ

ಗದಗದ ಒಂದು ಕುಟುಂಬದ ಒಪ್ಪಿಗೆ ಪಡೆದು, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ನಾಲ್ಕನೆಯ ತರಗತಿಯ ಬಾಲಕನೊಬ್ಬನಿಗೆ ಶನಿವಾರ ಸಂಜೆ ಹೊಟ್ಟೆನೋವು ಶುರುವಾಗಿ, ಸೋಮವಾರ ಶಾಲೆಗೆ ಹೊರಡುವ ಹೊತ್ತಿಗೆ ತಾನಾಗಿ ಇಳಿಯುತ್ತಿತ್ತು. ಮಕ್ಕಳ ವೈದ್ಯರು ಪರೀಕ್ಷಿಸಿ ದೈಹಿಕ ಕಾರಣ ಕಾಣುತ್ತಿಲ್ಲವೆಂದು ಹೇಳಿದ ಮೇಲೆ ತಂದೆತಾಯಿ ನನ್ನಲ್ಲಿಗೆ ಬಂದರು. ಶಾಲೆಗೆ ಹೆದರಿ ಹೊಟ್ಟೆ ಹಿಡಿದುಕೊಳ್ಳುವ ಮಕ್ಕಳನ್ನು ಆಗಾಗ ನೋಡುತ್ತೇವೆ. ರಜೆಗೆ ಹೆದರುವ ಮಗು ಅಪರೂಪ. ಆದ್ದರಿಂದ ಅವರ ಭಾನುವಾರ ಬೆಳಗಿನಿಂದ ರಾತ್ರಿಯವರೆಗೆ ಹೇಗೆ ಕಳೆಯುತ್ತದೆಂದು ವಿವರವಾಗಿ ಕೇಳಿದೆ.

ಮಗ ಮೊಬೈಲಿಗೆ ಅಂಟಿಕೊಳ್ಳಬಾರದೆಂಬ ಕಾಳಜಿಯಿಂದ ತಂದೆ ಪ್ರತಿ ವಾರವೂ ಅವನನ್ನು ಹೊರಗೆ ಕರೆದೊಯ್ಯುತ್ತಿದ್ದರು: ಲಕ್ಕುಂಡಿ, ಬಿಂಕದಕಟ್ಟಿಯ ಮೃಗಾಲಯ, ಹುಬ್ಬಳ್ಳಿಯ ರೈಲ್ವೆ ಮ್ಯೂಸಿಯಂ. ಇಂಥ ತಂದೆ ಸಿಗುವುದು ಮಗುವಿನ ಭಾಗ್ಯವೇ ಸರಿ. ಆದರೆ ಹೋದಲ್ಲೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು, ಮರಳುವಾಗ ಬಸ್ಸಿನಲ್ಲಿ ಪ್ರಶ್ನೆಗಳಿಗೆ ಉತ್ತರಿಸಬೇಕು, ತಪ್ಪಿದ್ದನ್ನು ರಾತ್ರಿ ಮತ್ತೆ ಬರೆದು ತೋರಿಸಬೇಕು. ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದಳೆಂಬುದು ಬಾಲಕನಿಗೆ ಬಾಯಿಪಾಠವಾಗಿತ್ತು. ‘ಅಲ್ಲಿ ನಿನಗ ಏನ್ ಛಲೋ ಅನಿಸ್ತು?’ ಎಂದು ನಾನು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ‘ಅದನ್ನ ನಾ ಬರ್ಕೊಂಡಿಲ್ರೀ’ ಎಂದ. ನೋವಿನ ಮೂಲ ನನಗೆ ಅಲ್ಲಿ ಕಂಡಿತು.

ತಂದೆಯ ಅಳಲೂ ನ್ಯಾಯವಾದದ್ದೇ. ‘ಕೇಳಲಿಲ್ಲಂದ್ರ ಅವಗ ಏನ್ ತಿಳದದ ಅಂತ ಹೆಂಗ ಗೊತ್ತಾಗ್ಬೇಕ್ರೀ ಮೇಡಂ?’ ಎಂದರು. ಕಲಿತದ್ದನ್ನು ನೆನಪಿಸಿಕೊಂಡು ಹೇಳುವುದರಿಂದ ಕಲಿಕೆ ಗಟ್ಟಿಯಾಗುತ್ತದೆ ಎಂಬುದು ನಿಜ. ಹಾಗೆ ಹೇಳಲು ಮನೆಯಲ್ಲಿ ಪರೀಕ್ಷಕರೇ ಬೇಕಿಲ್ಲ; ಮಂಡಿನೋವಿನಿಂದ ಪ್ರವಾಸಕ್ಕೆ ಬರಲಾಗದ ಅಜ್ಜಿಗೆ ಮೊಮ್ಮಗ ಕಂಡದ್ದನ್ನೆಲ್ಲ ಬಣ್ಣಿಸಿದರೆ ಅದೇ ಕೆಲಸ ಆಗುತ್ತದೆ, ತಪ್ಪಿದರೂ ಯಾರೂ ಕೆಂಪು ಗೆರೆ ಎಳೆಯುವುದಿಲ್ಲ. ನೋಟ್‌ಬುಕ್ ಮನೆಯಲ್ಲೇ ಇರಲಿ, ಭಾನುವಾರದ ಅರ್ಧ ದಿನ ಯಾವ ಯೋಜನೆಯೂ ಇಲ್ಲದೆ ಖಾಲಿ ಇರಲಿ, ಪ್ರವಾಸ ತಿಂಗಳಿಗೊಂದೇ ಸಾಕು, ಅಲ್ಲಿ ಮೊದಲ ಪ್ರಶ್ನೆ ಮಗನದೇ ಆಗಿರಲಿ ಎಂದು ಹೇಳಿದೆ.

ಉಳಿದ ವಾರಗಳಿಗೆ ಅಡುಗೆಮನೆಯನ್ನು ಸೂಚಿಸಿದೆ. ತಾಯಿಗೆ ಇದು ಅಷ್ಟಾಗಿ ರುಚಿಸಲಿಲ್ಲ, ಆದರೂ ಒಪ್ಪಿದರು. ಜೋಳದ ರೊಟ್ಟಿಗೆ ಹಿಟ್ಟು ನಾದಲು ಕೂತ ಹುಡುಗ, ಚಪಾತಿಗೆ ತಣ್ಣೀರು ಸಾಕಾಗುವಾಗ ಇದಕ್ಕೆ ಕುದಿಯುವ ಎಸರೇ ಏಕೆ ಬೇಕೆಂದು ತಾನೇ ಕೇಳಿದನಂತೆ. ಜೋಳದಲ್ಲಿ ಗೋಧಿಯಂತೆ ಹಿಟ್ಟನ್ನು ಹಿಡಿದಿಡುವ ಗ್ಲೂಟೆನ್ ಇಲ್ಲ. ಬಿಸಿನೀರಿಗೆ ಪಿಷ್ಟ ಉಬ್ಬಿ ಅಂಟಾಗುವುದರಿಂದಲೇ ರೊಟ್ಟಿ ಒಡೆಯದೆ ಬರುತ್ತದೆ. ತಾಯಿ ಉತ್ತರ ಹೇಳುವ ಬದಲು ಒಂದು ಮುದ್ದೆಯನ್ನು ತಣ್ಣೀರಿನಲ್ಲಿ ನಾದಲು ಬಿಟ್ಟರು. ಅದು ಬಡಿಯುವಾಗಲೇ ಬಿರಿಯಿತು. ಅಷ್ಟು ಹಿಟ್ಟು ಹಾಳಾಗಲು ಬಿಟ್ಟ ಅವರ ತಾಳ್ಮೆಯನ್ನು ನಾನು ಮನಸಾರೆ ಮೆಚ್ಚಿದೆ. ಕಾಯಿಪಲ್ಲೆ ಮಾರ್ಕೆಟ್‌ನಲ್ಲಿ ಹಣ ಅವನ ಕೈಗೇ ಕೊಟ್ಟು, ಪಾವ್ ಕಿಲೋ ಲೆಕ್ಕ ಮತ್ತು ಚಿಲ್ಲರೆಯ ಹೊಣೆ ಅವನದೇ ಎಂದೂ ಗೊತ್ತುಮಾಡಿದೆವು.

ಚಳಿಗಾಲದಲ್ಲಿ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೋಗಲು ಹೇಳಿದ್ದೆ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿ ತಂಗುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ತಂದೆ ಏನನ್ನೂ ವಿವರಿಸದೆ ದಂಡೆಯ ಮೇಲೆ ಮಗನ ಪಕ್ಕ ಕೂರಬೇಕೆಂಬುದು ನಮ್ಮ ಒಪ್ಪಂದವಾಗಿತ್ತು. ಅವರಿಗೆ ಅದು ಬಹಳ ಕಷ್ಟವಾಯಿತಂತೆ. ಆದರೆ ಈ ಹಕ್ಕಿಗಳು ಹೊಲದಲ್ಲಿ ಮೇಯ್ದರೆ ರೈತರು ಬೈಯುವುದಿಲ್ಲವೇ ಎಂದು ಮಗ ಕೇಳಿದ್ದು ಯಾವ ನೋಟ್‌ಬುಕ್ಕಿನಲ್ಲೂ ಇರದಿದ್ದ ಪ್ರಶ್ನೆ. ಅದನ್ನು ಅವರಿಬ್ಬರೂ ಅಲ್ಲಿಯೇ ಸಿಕ್ಕ ರೈತರೊಬ್ಬರ ಮುಂದಿಟ್ಟರು.

ಶನಿವಾರದ ನೋವು ಕ್ರಮೇಣ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ನೆಂಟರ ಮುಂದೆ ಮಗನಿಂದ ಇಸವಿಗಳನ್ನು ಹೇಳಿಸುವ ಅಭ್ಯಾಸವನ್ನು ತಂದೆ ಇನ್ನೂ ಬಿಡಬೇಕಿದೆ, ಅದಕ್ಕಾಗಿ ಭೇಟಿಗಳು ಮುಂದುವರಿದಿವೆ. ನೋವಿಗೆ ಮಗು ರಾತ್ರಿ ನಿದ್ದೆಯಿಂದ ಎದ್ದರೆ, ಪದೇ ಪದೇ ವಾಂತಿಯಾದರೆ, ತೂಕ ಇಳಿದರೆ ಅಥವಾ ಮಲದಲ್ಲಿ ರಕ್ತ ಕಂಡರೆ, ಮನಸ್ಸಿನದೇ ಕಾರಣವೆಂದು ಕಾಯದೆ ತಕ್ಷಣ ಮತ್ತೆ ವೈದ್ಯರಿಗೆ ತೋರಿಸಬೇಕೆಂದು ತಂದೆತಾಯಿಗೆ ಬರೆದುಕೊಟ್ಟಿದ್ದೇನೆ.